ಹಿಮ್ಮಡಿಯ ರಜ್ಜು ಒಂದೇ ದಿನದಲ್ಲಿ ಹರಿಯುವುದಿಲ್ಲ

ಸಂಪಾದಕರಿಗೆ,

ಮಾನ್ಯರೇ,

ಆಟದ ನಡುವೆ, ಯಾರೂ ತಾಗದಿದ್ದರೂ, ಆಟಗಾರನೊಬ್ಬ ಕುಸಿದು ಕೂರುತ್ತಾನೆ. ಹಿಂದಿನಿಂದ ಯಾರೋ ಒದ್ದರೆಂದು ತಿರುಗಿ ನೋಡಿದರೆ ಅಲ್ಲಿ ಯಾರೂ ಇರುವುದಿಲ್ಲ. ಮರುದಿನದ ಕ್ರೀಡಾಪುಟದಲ್ಲಿ ‘ಹಠಾತ್ ಗಾಯ’, ‘ದುರದೃಷ್ಟ’ ಎಂಬ ಮಾತುಗಳ ಜೊತೆಗೆ ಅವನು ಎಷ್ಟು ತಿಂಗಳು ಆಡುವಂತಿಲ್ಲ ಎಂಬ ಲೆಕ್ಕ ಬರುತ್ತದೆ. ಅಕಿಲಿಸ್ ಸ್ನಾಯುರಜ್ಜು, ಅಂದರೆ ಮೀನಖಂಡವನ್ನು ಹಿಮ್ಮಡಿಗೆ ಕಟ್ಟುವ ಆ ದಪ್ಪ ಟೆಂಡನ್, ಹರಿದ ಸುದ್ದಿ ಹೆಚ್ಚಾಗಿ ಹೀಗೆಯೇ ಬರುತ್ತದೆ. ಇಂಥ ಗಾಯಗಳ ಚಿಕಿತ್ಸೆ ಮತ್ತು ಪುನಶ್ಚೇತನವೇ ಕೆಲಸವಾಗಿರುವ ನಮಗೆ ಈ ವರದಿಗಳ ಬಗ್ಗೆ ಆಕ್ಷೇಪವಿದೆ. ಹರಿಯುವುದು ಕ್ಷಣದ ಮಾತು, ನಿಜ. ಆದರೆ ಆ ಕ್ಷಣ ಬರುವ ಹೊತ್ತಿಗೆ ರಜ್ಜು ತಿಂಗಳುಗಟ್ಟಲೆ, ಎಷ್ಟೋ ಸಲ ವರ್ಷಗಟ್ಟಲೆ, ಒಳಗೊಳಗೇ ಸವೆದಿರುತ್ತದೆ. ಸವೆಯಲು ಕಾರಣಗಳಿವೆ. ವಯಸ್ಸು, ಹುಟ್ಟಿನಿಂದ ಬಂದ ದೇಹಗುಣ ಇವು ಕೈಮೀರಿದವು. ಉಳಿದವು ಮಾತ್ರೆಯ ಚೀಟಿಯಲ್ಲಿವೆ, ಅಭ್ಯಾಸದ ಕ್ರಮದಲ್ಲಿವೆ, ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟ ಬೆಳಗಿನ ನೋವಿನಲ್ಲಿವೆ. ಓದುಗರಿಗೆ ತಿಳಿಯಬೇಕಾದದ್ದು ಇವು ಎಂಬ ಕಾರಣಕ್ಕೆ ಈ ಪತ್ರ ಸ್ವಲ್ಪ ಉದ್ದವಾಗಿದೆ.

ಮೊದಲು ರಜ್ಜುವಿನ ವಿಷಯ. ಮೀನಖಂಡದಲ್ಲಿ ಎರಡು ದೊಡ್ಡ ಸ್ನಾಯುಗಳಿವೆ: ಮೇಲ್ಪದರದ ಗ್ಯಾಸ್ಟ್ರಾಕ್ನೀಮಿಯಸ್, ಅದರಡಿಯ ಸೋಲಿಯಸ್. ಎರಡೂ ಕೆಳಗಿಳಿಯುತ್ತಾ ಒಂದಾಗಿ ಸುಮಾರು 15 ಸೆಂ.ಮೀ. ಉದ್ದದ ರಜ್ಜುವಾಗಿ ಹಿಮ್ಮಡಿಯ ಮೂಳೆಗೆ ಅಂಟುತ್ತವೆ. ದೇಹದಲ್ಲಿ ಇದಕ್ಕಿಂತ ದಪ್ಪವಾದ, ಬಲವಾದ ರಜ್ಜು ಇನ್ನೊಂದಿಲ್ಲ. ಇದರ ಎಳೆಗಳು ನೇರವಾಗಿ ಇಳಿಯದೆ ಸುಮಾರು 90 ಡಿಗ್ರಿ ತಿರುಚಿಕೊಂಡು ಇಳಿಯುತ್ತವೆ. ಪಾದ ನೆಲಕ್ಕೆ ಊರಿದಾಗ ಶಕ್ತಿಯನ್ನು ಹಿಡಿದಿಟ್ಟು, ಪಾದ ಎತ್ತುವಾಗ ಮರಳಿಸಲು ಈ ತಿರುಚು ನೆರವಾಗುತ್ತದೆ. ಓಡುವಾಗ ಈ ರಜ್ಜುವಿನ ಮೇಲೆ ದೇಹದ ತೂಕದ 6ರಿಂದ 8 ಪಟ್ಟು ಎಳೆತ ಬೀಳುತ್ತದೆ. 70 ಕೆ.ಜಿ. ತೂಕದವರಿಗೆ ಅದು 420ರಿಂದ 560 ಕೆ.ಜಿ. ಪ್ರತಿ ಹೆಜ್ಜೆಗೂ ಅಷ್ಟು.

ಈ ಎಳೆತಕ್ಕೆ ರಜ್ಜು ಹಿಗ್ಗುತ್ತದೆ. ಸುಮಾರು ಶೇ 2ರವರೆಗೆ ಹಿಗ್ಗಿದಾಗ ಒಳಗಿನ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳ ಸುಕ್ಕು ಬಿಡಿಸಿಕೊಳ್ಳುತ್ತದೆ, ಅಷ್ಟೇ. ಶೇ 4ರವರೆಗೂ ಎಳೆತ ಬಿಟ್ಟೊಡನೆ ಮೊದಲಿನ ಉದ್ದಕ್ಕೆ ಮರಳುತ್ತದೆ. ಅದನ್ನು ದಾಟಿದರೆ ಎಳೆಗಳ ನಡುವಿನ ಬಂಧ ಜಾರಿ, ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳು ಹುಟ್ಟುತ್ತವೆ. ಶೇ 8ರ ಆಚೆಗೆ ಪೂರ್ತಿ ಹರಿತ. ಇವು ಆರೋಗ್ಯವಂತ ರಜ್ಜುವಿನ ಅಂಕಿಗಳು. ಒಳಗೆ ಕೆಟ್ಟಿರುವ ರಜ್ಜುವಿಗೆ ಇಷ್ಟು ಅವಕಾಶವಿರುವುದಿಲ್ಲ.

ಸಣ್ಣ ಬಿರುಕು ಹುಟ್ಟುವುದೇ ಅಪಾಯವಲ್ಲ. ಅದನ್ನು ದುರಸ್ತಿ ಮಾಡುವ ವೇಗಕ್ಕಿಂತ ಹುಟ್ಟುವ ವೇಗ ಹೆಚ್ಚಾದರೆ ಅಪಾಯ. ದುರಸ್ತಿಗೆ ರಕ್ತ ಬೇಕು. ಈ ರಜ್ಜುವಿಗೆ ರಕ್ತ ಬರುವುದು ಮೇಲೆ ಸ್ನಾಯುವಿನ ಕಡೆಯಿಂದ, ಕೆಳಗೆ ಮೂಳೆಯ ಕಡೆಯಿಂದ, ಜೊತೆಗೆ ಅದನ್ನು ಸುತ್ತುವರಿದ ತೆಳು ಪೊರೆಯಿಂದ. ಮೂರೂ ಕಡೆಯ ರಕ್ತ ಕಡಿಮೆ ಬೀಳುವ ಜಾಗ ಹಿಮ್ಮಡಿಯಿಂದ 2ರಿಂದ 6 ಸೆಂ.ಮೀ. ಮೇಲಿದೆ. ಹೆಚ್ಚಿನ ರಜ್ಜುಗಳು ಹರಿಯುವುದು ಅಲ್ಲೇ. ವಯಸ್ಸಾದಂತೆ ಈ ಪೂರೈಕೆ ಇನ್ನಷ್ಟು ಇಳಿಯುತ್ತದೆ.

ಇನ್ನೊಂದು ಸಂಗತಿ ವೈದ್ಯರಲ್ಲೂ ಎಲ್ಲರಿಗೂ ತಿಳಿದಿರುವುದಿಲ್ಲ. 1955ರಿಂದ 1963ರವರೆಗೆ ನಡೆದ ಪರಮಾಣು ಬಾಂಬ್ ಪರೀಕ್ಷೆಗಳಿಂದ ವಾತಾವರಣದಲ್ಲಿ ವಿಕಿರಣಶೀಲ ಇಂಗಾಲ ಏರಿತ್ತು. ಅದು ಆಹಾರದ ಮೂಲಕ ಎಲ್ಲರ ದೇಹವನ್ನೂ ಸೇರಿತು. ಅಂಗಾಂಶದಲ್ಲಿ ಉಳಿದ ಆ ಇಂಗಾಲದ ಪ್ರಮಾಣ ಅಳೆದರೆ ಅದು ಯಾವ ಕಾಲದಲ್ಲಿ ರೂಪುಗೊಂಡಿತೆಂದು ಹೇಳಬಹುದು. ಡೆನ್ಮಾರ್ಕ್‌ನ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಕಿಲಿಸ್ ರಜ್ಜುವಿನ ತಿರುಳನ್ನು ಹೀಗೆ ಅಳೆದರು. ಮನುಷ್ಯನ ಮೊದಲ ಸುಮಾರು 17 ವರ್ಷಗಳಲ್ಲಿ ರೂಪುಗೊಂಡ ತಿರುಳು ಆಮೇಲೆ ಹೊಸದಾಗುವುದು ಇಲ್ಲವೆನ್ನುವಷ್ಟು ಕಡಿಮೆ ಎಂದು ಅದರಿಂದ ತಿಳಿಯಿತು. ನಲವತ್ತರ ಪ್ರಾಯದವರು ಹದಿಹರೆಯದಲ್ಲಿ ಪಡೆದ ತಿರುಳಿನ ಮೇಲೆಯೇ ಓಡುತ್ತಿದ್ದಾರೆ. ಸ್ನಾಯು ಕೆಲವೇ ವಾರಗಳಲ್ಲಿ ಬಲ ಪಡೆಯುವಂತೆ ರಜ್ಜುವೂ ಪಡೆದೀತು ಎಂಬ ಎಣಿಕೆ ತಪ್ಪುವುದು ಇಲ್ಲಿಯೇ.

ಸವೆತ ಮೊದಲೇ ಇತ್ತು ಎನ್ನಲು ಗಟ್ಟಿಯಾದ ಸಾಕ್ಷ್ಯ 1991ರದು. ಫಿನ್ಲೆಂಡ್‌ನ ಪೆಕ್ಕಾ ಕನ್ನುಸ್ ಮತ್ತು ಹಂಗೇರಿಯ ಲಾಸ್ಲೋ ಯೋಸಾ, ತಾನಾಗಿ ಹರಿದ 891 ರಜ್ಜುಗಳ ತುಣುಕನ್ನು ಸೂಕ್ಷ್ಮದರ್ಶಕದಡಿ ನೋಡಿದರು. ಅಕಿಲಿಸ್ ಅಲ್ಲದೆ ತೋಳಿನ, ಮೊಣಕಾಲಿನ ರಜ್ಜುಗಳೂ ಅವುಗಳಲ್ಲಿದ್ದವು. ಶೇ 97ರಲ್ಲಿ ಹಳೆಯ ಸವೆತದ ಗುರುತುಗಳಿದ್ದವು: ಆಮ್ಲಜನಕ ಸಾಲದೆ ಸೊರಗಿದ ಜೀವಕೋಶಗಳು, ಎಳೆಗಳ ನಡುವೆ ಲೋಳೆಯಂಥ ವಸ್ತು, ಕೊಬ್ಬಿನ ಕೋಶಗಳು, ಸುಣ್ಣದ ಕಣಗಳು. ಹೋಲಿಕೆಗಾಗಿ ನೋಡಿದ 445 ಹರಿಯದ ರಜ್ಜುಗಳಲ್ಲೂ ಶೇ 34ರಲ್ಲಿ ಇಂಥ ಬದಲಾವಣೆಗಳಿದ್ದವು ಎಂಬುದನ್ನು ಮರೆಯಬಾರದು. ಯಾವ ನೋವೂ ಇಲ್ಲದೆ ಓಡಾಡಿಕೊಂಡಿರುವವರಲ್ಲೂ ಅನೇಕರು ಅರ್ಧ ದಾರಿ ಸಾಗಿರುತ್ತಾರೆ. ಹೊರಗೆ ನೆಟ್ಟಗೆ ಕಾಣುವ ಹಳೆಯ ಹಗ್ಗದ ಒಳ ಎಳೆಗಳು ಕಡಿದಿರುವಂತೆ ಇದು. ಹರಿಯುವ ಮುನ್ನ ಹೆಚ್ಚಿನವರಿಗೆ ಯಾವ ಸೂಚನೆಯೂ ಸಿಗದಿರುವುದಕ್ಕೆ ಇದೇ ಕಾರಣ.

ಕ್ಷಯಿಸಿದ ರಜ್ಜುವಿನಲ್ಲಿ ಬಲವಾದ ಒಂದನೇ ಮಾದರಿಯ ಕೊಲಾಜೆನ್ ಕಡಿಮೆಯಾಗಿ, ತೆಳುವಾದ ಮೂರನೇ ಮಾದರಿಯದು ಹೆಚ್ಚುತ್ತದೆ. ಉರಿಯೂತದ ಕೋಶಗಳು ಮಾತ್ರ ಅಲ್ಲಿ ಕಡಿಮೆ. ಆದ್ದರಿಂದ ಹಿಮ್ಮಡಿಯ ಮೇಲ್ಭಾಗದ ಹಳೆಯ ನೋವಿಗೆ ವಾರಗಟ್ಟಲೆ ನೋವಿನ ಮಾತ್ರೆ ನುಂಗಿ ಆಟ ಮುಂದುವರಿಸುವುದರಿಂದ ರಜ್ಜುವಿಗೆ ಏನೂ ಸಿಗುವುದಿಲ್ಲ. ಎಚ್ಚರಿಕೆಯ ಗಂಟೆ ಮಾತ್ರ ನಿಲ್ಲುತ್ತದೆ. ಚೀನಾದ ಹರ್ಡಲ್ಸ್ ಓಟಗಾರ ಲಿಯು ಶಿಯಾಂಗ್ 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದವರು. 2008ರ ಬೀಜಿಂಗ್‌ನಲ್ಲಿ ಬಲಗಾಲಿನ ಇದೇ ರಜ್ಜುವಿನ ತೊಂದರೆಯಿಂದ ಸ್ಪರ್ಧೆ ಬಿಟ್ಟು ಹೊರನಡೆದರು. 2012ರ ಲಂಡನ್‌ನಲ್ಲಿ ಮೊದಲ ಹರ್ಡಲ್‌ಗೇ ಬಿದ್ದರು. ಅದೇ ರಜ್ಜು ಹರಿದಿತ್ತು.

ಕೊನೆಯ ಕ್ಷಣದ ಎಳೆತ ಹೇಗೆ ಬೀಳುತ್ತದೆ? ಸ್ವೀಡನ್ನಿನ ಆರ್ನರ್ ಮತ್ತು ಲಿಂಡ್‌ಹೋಮ್ 1959ರಲ್ಲೇ ಇದನ್ನು ಮೂರಾಗಿ ವಿಂಗಡಿಸಿದ್ದರು. ಅರ್ಧಕ್ಕಿಂತ ಹೆಚ್ಚು ಜನರಲ್ಲಿ, ಮುಂಗಾಲಿನ ಮೇಲೆ ಭಾರ ಹಾಕಿ, ಮೊಣಕಾಲು ನೆಟ್ಟಗೆ ಮಾಡುತ್ತಾ ನೆಲವನ್ನು ಹಿಂದಕ್ಕೆ ಒದೆಯುವ ಚಲನೆಯಲ್ಲಿ ರಜ್ಜು ಹರಿದಿತ್ತು. ಗ್ಯಾಸ್ಟ್ರಾಕ್ನೀಮಿಯಸ್ ಮೊಣಕಾಲನ್ನು ದಾಟಿ ತೊಡೆಮೂಳೆಗೆ ಅಂಟಿರುವುದರಿಂದ, ಮೊಣಕಾಲು ನೆಟ್ಟಗಾದಷ್ಟೂ ರಜ್ಜು ಮೇಲಕ್ಕೆ ಸೆಳೆಯಲ್ಪಡುತ್ತದೆ. ಅದೇ ಹೊತ್ತಿಗೆ ಹಿಮ್ಮಡಿ ಕೆಳಗಿಳಿದರೆ ಎರಡೂ ತುದಿಯಿಂದ ಎಳೆತ. ಬ್ಯಾಡ್ಮಿಂಟನ್‌ನಲ್ಲಿ ಹಿಂದೆ ಸರಿದವರು ತಟ್ಟನೆ ಮುಂದಕ್ಕೆ ನುಗ್ಗುವಾಗ, ಬ್ಯಾಸ್ಕೆಟ್‌ಬಾಲ್‌ನಲ್ಲಿ ನಿಂತಲ್ಲಿಂದ ಚಿಮ್ಮುವಾಗ ಆಗುವುದು ಇದೇ. ಎರಡನೆಯದು ಎದುರುನೋಡದೆ ಪಾದ ಮೇಲ್ಮುಖವಾಗಿ ಮಡಚುವುದು: ಗುಂಡಿಯಲ್ಲಿ ಕಾಲಿಡುವುದು, ಮೆಟ್ಟಿಲು ತಪ್ಪುವುದು, ಹಿಮ್ಮಡಿ ಕೆಳಕ್ಕೆ ಜಾರುವುದು. ಮೂರನೆಯದು ಎತ್ತರದಿಂದ ಹಾರಿದವರ ಕೆಳಚಾಚಿದ ಪಾದ ನೆಲ ತಾಗಿ ಬಲವಾಗಿ ಮೇಲಕ್ಕೆ ಮಡಚುವುದು. ಡೇವಿಡ್ ಬೆಕ್‌ಹ್ಯಾಮ್ 2010ರ ಮಾರ್ಚ್‌ನಲ್ಲಿ ಎ.ಸಿ. ಮಿಲಾನ್ ಪರ ಆಡುವಾಗ ಎಡಗಾಲಿನ ರಜ್ಜು ಹರಿದುಕೊಂಡು ಆ ವರ್ಷದ ವಿಶ್ವಕಪ್ ಕಳೆದುಕೊಂಡರು. ಆಗ ಅವರಿಗೆ 34 ವರ್ಷ. ಈ ಗಾಯ ಹೆಚ್ಚಾಗಿ ಕಾಣುವ ವಯಸ್ಸು ಅದು.

30ರಿಂದ 50ರ ನಡುವಿನ ಗಂಡಸರು ಈ ಗಾಯಕ್ಕೆ ಅತಿ ಹೆಚ್ಚು ಸಿಲುಕುತ್ತಾರೆ. ಅವರಲ್ಲೂ ವಾರವಿಡೀ ಕುರ್ಚಿಯಲ್ಲಿ ಕೂತು, ರಜೆಯ ದಿನ ಮಾತ್ರ ಮೈದಾನಕ್ಕಿಳಿದು ಪೂರ್ತಿ ಬಲದಿಂದ ಆಡುವವರು. ಕಾಲೇಜಿನಲ್ಲಿ ಆಡಿದ ನೆನಪು ಸ್ನಾಯುವಿಗೆ ಇರುತ್ತದೆ, ಮನಸ್ಸಿಗೆ ಇರುತ್ತದೆ. ರಜ್ಜು ಮಾತ್ರ ಅಷ್ಟು ಎಳೆತವನ್ನು ವರ್ಷಗಳಿಂದ ಕಂಡಿರುವುದಿಲ್ಲ. ಇನ್ನೊಂದು ಗುಂಪು 60 ದಾಟಿದವರದು. ಅವರಿಗೆ ಆಟವೇ ಬೇಕಿಲ್ಲ, ಪಾದಪಥದಿಂದ ಇಳಿಯುವುದೂ ಸಾಕು. ವೃತ್ತಿಪರರಿಗೂ ವಿನಾಯಿತಿ ಇಲ್ಲ. 2011ರಲ್ಲಿ ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್‌ನಲ್ಲಿ ಮಾಲೀಕರು ಮತ್ತು ಆಟಗಾರರ ನಡುವಿನ ವಿವಾದದಿಂದ ಮಾರ್ಚ್‌ನಿಂದ ಜುಲೈವರೆಗೆ ತಂಡದ ಅಭ್ಯಾಸ ನಿಂತಿತ್ತು. ವಿವಾದ ಬಗೆಹರಿದು ಶಿಬಿರ ಶುರುವಾದ ಮೊದಲ 12 ದಿನಗಳಲ್ಲೇ 10 ಆಟಗಾರರ ಅಕಿಲಿಸ್ ರಜ್ಜು ಹರಿಯಿತು. ತಯಾರಿಯ ವಾರಗಳನ್ನು ಬಿಟ್ಟು ನೇರವಾಗಿ ಪೂರ್ಣ ವೇಗಕ್ಕೆ ಹೋದದ್ದು ಕಾರಣವೆಂದು ಕ್ರೀಡಾವೈದ್ಯರು ಬರೆದರು. ದೀರ್ಘ ರಜೆ, ಜ್ವರ, ಬೇರೆ ಗಾಯ, ಹೆರಿಗೆ ಇಂಥ ಯಾವುದೇ ಬಿಡುವಿನ ನಂತರ ಆಟಕ್ಕೆ ಮರಳುವವರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ.

ಈಗ ಔಷಧಗಳ ವಿಷಯ. ಸ್ವಲ್ಪ ಎಚ್ಚರವಿದ್ದರೆ ತಪ್ಪಿಸಬಹುದಾದ ಅಪಾಯ ಇಲ್ಲಿ ಹೆಚ್ಚಿದೆ, ಮತ್ತು ಸಾರ್ವಜನಿಕ ಚರ್ಚೆಗೆ ಬರುವುದು ಇದೇ ಎಲ್ಲಕ್ಕಿಂತ ಕಡಿಮೆ.

ಸಿಪ್ರೊಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್, ಒಫ್ಲಾಕ್ಸಾಸಿನ್, ನಾರ್‌ಫ್ಲಾಕ್ಸಾಸಿನ್, ಮಾಕ್ಸಿಫ್ಲಾಕ್ಸಾಸಿನ್ ಎಂದು ಹೆಸರಿನ ಕೊನೆಯಲ್ಲಿ ‘ಫ್ಲಾಕ್ಸಾಸಿನ್’ ಇರುವ ಆ್ಯಂಟಿಬಯಾಟಿಕ್‌ಗಳ ಗುಂಪಿದೆ. ಮೂತ್ರದ ಸೋಂಕು, ಭೇದಿ, ಎದೆಯ ಸೋಂಕಿಗೆ ಇವನ್ನು ಕೊಡುವುದುಂಟು. ಇವು ಸ್ನಾಯುರಜ್ಜುವನ್ನು ದುರ್ಬಲಗೊಳಿಸಬಲ್ಲವು. 1983ರಲ್ಲೇ ಮೊದಲ ವರದಿ ಬಂದಿತ್ತು. 2008ರ ಜುಲೈಯಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಈ ಗುಂಪಿನ ಎಲ್ಲ ಮಾತ್ರೆ, ಇಂಜೆಕ್ಷನ್‌ಗಳ ಮೇಲೆ ಅತಿ ಗಂಭೀರ ಅಪಾಯಗಳಿಗೆ ಮೀಸಲಾದ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತು. 2016ರಲ್ಲಿ ಇನ್ನೂ ಮುಂದೆ ಹೋಗಿ, ಸೈನಸ್ ಸೋಂಕು, ಶ್ವಾಸನಾಳದ ಉರಿಯೂತ, ಸರಳ ಮೂತ್ರಸೋಂಕಿಗೆ ಬೇರೆ ಔಷಧ ಇರುವಾಗ ಇವನ್ನು ಕೊಡಬೇಡಿ ಎಂದಿತು.

ಈ ಔಷಧ ರಜ್ಜುವಿನ ಜೀವಕೋಶಗಳ ಬೆಳವಣಿಗೆಯನ್ನು ತಡೆಯುತ್ತದೆ, ಕೊಲಾಜೆನ್ ಒಡೆಯುವ ಕಿಣ್ವಗಳನ್ನು ಹೆಚ್ಚಿಸುತ್ತದೆ, ಮೆಗ್ನೀಸಿಯಂ ಅನ್ನು ಕಟ್ಟಿಹಾಕುತ್ತದೆ. ತೊಂದರೆ ಹೆಚ್ಚಾಗಿ ಕಾಣುವುದು ಅಕಿಲಿಸ್ ರಜ್ಜುವಿನಲ್ಲಿ. ಅದೂ ಎಷ್ಟೋ ಜನರಲ್ಲಿ ಎರಡೂ ಕಾಲಿನಲ್ಲಿ ಒಟ್ಟಿಗೆ. ಶುರುವಾಗುವ ಸಮಯವೂ ದಾರಿ ತಪ್ಪಿಸುತ್ತದೆ. ಕೆಲವರಿಗೆ ಮೊದಲ ಒಂದೆರಡು ದಿನಗಳಲ್ಲೇ ನೋವು, ಹಲವರಿಗೆ ಮೊದಲ ಎರಡು ವಾರಗಳೊಳಗೆ, ಇನ್ನು ಕೆಲವರಿಗೆ ಮಾತ್ರೆ ಮುಗಿಸಿ ತಿಂಗಳುಗಳಾದ ಮೇಲೆ. ಆ ಹೊತ್ತಿಗೆ ಹಳೆಯ ಆ್ಯಂಟಿಬಯಾಟಿಕ್ ಯಾರಿಗೂ ನೆನಪಿರುವುದಿಲ್ಲ. ಹಿಮ್ಮಡಿ ನೋವೆಂದು ಬಂದವರನ್ನು ‘ಕಳೆದ ಆರು ತಿಂಗಳಲ್ಲಿ ಯಾವ ಆ್ಯಂಟಿಬಯಾಟಿಕ್ ತೆಗೆದುಕೊಂಡಿರಿ’ ಎಂದು ಕೇಳುವುದು ವೈದ್ಯರ ರೂಢಿಯಾಗಬೇಕು.

ಅಪಾಯ ಎಲ್ಲರಿಗೂ ಸಮವಲ್ಲ. ಬಹುಪಾಲು ಜನ ಈ ಮಾತ್ರೆ ನುಂಗಿ ಏನೂ ಆಗದೆ ಗುಣವಾಗುತ್ತಾರೆ. ಕೆಲವು ಗಂಭೀರ ಸೋಂಕುಗಳಿಗೆ ಇದೇ ಬೇಕಾಗುತ್ತದೆ, ಆದ್ದರಿಂದ ಹೆದರಿ ಔಷಧವನ್ನೇ ಬಿಡಬಾರದು. ಆದರೆ 60 ದಾಟಿದವರು, ಮೂತ್ರಪಿಂಡ, ಹೃದಯ ಅಥವಾ ಶ್ವಾಸಕೋಶದ ಕಸಿ ಮಾಡಿಸಿಕೊಂಡವರು, ಮೂತ್ರಪಿಂಡ ದುರ್ಬಲವಾಗಿರುವವರು ಮತ್ತು ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿರುವವರಲ್ಲಿ ಅಪಾಯ ಹಲವು ಪಟ್ಟು ಏರುತ್ತದೆ. ಉಬ್ಬಸ ಅಥವಾ ಶ್ವಾಸಕೋಶದ ಹಳೆಯ ಕಾಯಿಲೆ ಉಲ್ಬಣಿಸಿದ 65 ವರ್ಷದವರಿಗೆ ಒಂದೇ ಚೀಟಿಯಲ್ಲಿ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮತ್ತು ಲಿವೊಫ್ಲಾಕ್ಸಾಸಿನ್ ಬರೆಯುವಾಗ ಬೇರೆ ದಾರಿ ಇದೆಯೇ ಎಂದು ಎರಡು ಸಲ ಯೋಚಿಸಬೇಕು. ಬೇರೆ ದಾರಿಯೇ ಇಲ್ಲದಿದ್ದರೆ ರೋಗಿಗೆ ಹೇಳಬೇಕಾದದ್ದು ಇಷ್ಟು: ಹಿಮ್ಮಡಿಯ ಮೇಲೆ ನೋವು, ಊತ ಅಥವಾ ಬಿಗಿತ ಕಂಡ ಕೂಡಲೇ ಮುಂದಿನ ಮಾತ್ರೆ ನುಂಗುವ ಮೊದಲು ವೈದ್ಯರಿಗೆ ಕರೆ ಮಾಡಿ, ಬೇರೆ ಆ್ಯಂಟಿಬಯಾಟಿಕ್ ಬರೆಸಿಕೊಳ್ಳಿ. ಆ ಕಾಲಿಗೆ ಭಾರ ಕಡಿಮೆ ಮಾಡಿ. ಓಟ, ಮೆಟ್ಟಿಲು, ವ್ಯಾಯಾಮ ನಿಲ್ಲಿಸಿ. ಇನ್ನೊಂದು ಕಾಲನ್ನೂ ಮುಟ್ಟಿ ನೋಡಿ. ಆ ನೋವಿಗೆ ಸ್ಟೀರಾಯ್ಡ್ ಬೇಡವೇ ಬೇಡ.

ಸ್ಟೀರಾಯ್ಡ್ ತಾನೊಂದೇ ಇದ್ದರೂ ಅಪಾಯಕಾರಿ. ದೀರ್ಘಕಾಲ ನುಂಗಿದರೆ ಕೊಲಾಜೆನ್ ತಯಾರಿ ಕುಗ್ಗುತ್ತದೆ. ರಜ್ಜುವಿಗೆ ಅಥವಾ ಅದರ ಸುತ್ತ ಚುಚ್ಚಿದ ಇಂಜೆಕ್ಷನ್ ಕೆಲವು ವಾರ ನೋವನ್ನು ಅಡಗಿಸುತ್ತದೆ, ರೋಗಿ ವಾಸಿಯಾಯಿತೆಂದು ಓಡಲು ಹೋಗುತ್ತಾನೆ, ದುರ್ಬಲವಾದ ರಜ್ಜು ಆಗಲೇ ಹರಿಯುತ್ತದೆ. ಅಕಿಲಿಸ್ ರಜ್ಜುವಿನ ಒಳಗೆ ಸ್ಟೀರಾಯ್ಡ್ ಚುಚ್ಚಬಾರದು ಎಂಬುದರಲ್ಲಿ ಎರಡು ಮಾತಿಲ್ಲ. ‘ಒಂದು ಇಂಜೆಕ್ಷನ್ ಹಾಕಿಬಿಡಿ, ನಾಳೆ ಪಂದ್ಯವಿದೆ’ ಎಂದು ಒತ್ತಾಯಿಸುವ ತರಬೇತುದಾರರು ಇದನ್ನು ತಿಳಿಯಬೇಕು. ಮೈಕಟ್ಟಿಗಾಗಿ ಬಳಸುವ ಅನಾಬಾಲಿಕ್ ಸ್ಟೀರಾಯ್ಡ್‌ಗಳ ದಾರಿ ಬೇರೆ: ಸ್ನಾಯು ಬೇಗ ದಪ್ಪವಾಗುತ್ತದೆ, ರಜ್ಜು ಹಿಂದೆ ಉಳಿದು ಗಡುಸಾಗುತ್ತದೆ, ಸ್ನಾಯುವಿನ ಬಲವೇ ರಜ್ಜುವನ್ನು ಹರಿಯುತ್ತದೆ.

ಕಾಯಿಲೆಗಳ ಪಟ್ಟಿ ಉದ್ದವಿದೆ, ಮುಖ್ಯವಾದವನ್ನಷ್ಟೇ ಹೇಳುತ್ತೇವೆ. ಮಧುಮೇಹದಲ್ಲಿ ಸಕ್ಕರೆ ಕೊಲಾಜೆನ್‌ಗೆ ಅಂಟಿ ಎಳೆಗಳನ್ನು ಒಂದಕ್ಕೊಂದು ಬಂಧಿಸುತ್ತದೆ, ರಜ್ಜು ಹಿಗ್ಗುವ ಗುಣ ಕಳೆದುಕೊಳ್ಳುತ್ತದೆ. ಡಯಾಲಿಸಿಸ್‌ನಲ್ಲಿರುವವರಲ್ಲಿ ಪ್ಯಾರಾಥೈರಾಯ್ಡ್ ಹಾರ್ಮೋನ್ ಏರಿ, ರಜ್ಜು ಮೂಳೆಗೆ ಅಂಟುವ ಜಾಗವೇ ಕರಗುತ್ತದೆ. ಗೌಟ್, ರುಮಟಾಯ್ಡ್ ಸಂಧಿವಾತ, ಲೂಪಸ್ ಇರುವವರಲ್ಲೂ ಅಪಾಯವಿದೆ. ಅವರಲ್ಲಿ ಅನೇಕರು ಸ್ಟೀರಾಯ್ಡ್ ಕೂಡ ತೆಗೆದುಕೊಳ್ಳುತ್ತಿರುತ್ತಾರೆ. ಚಿಕ್ಕ ವಯಸ್ಸಿನವರ ಎರಡೂ ಅಕಿಲಿಸ್ ರಜ್ಜುಗಳು ಗಂಟುಗಂಟಾಗಿ ದಪ್ಪವಾಗಿದ್ದರೆ ಕೊಲೆಸ್ಟರಾಲ್ ಪರೀಕ್ಷೆ ಮಾಡಿಸಲೇಬೇಕು. ವಂಶಪಾರಂಪರ್ಯ ಅಧಿಕ ಕೊಲೆಸ್ಟರಾಲ್ ಇದ್ದರೆ ಅದು ರಜ್ಜುವಿನಲ್ಲೇ ಶೇಖರವಾಗುತ್ತದೆ, ಮತ್ತು ಆ ಪತ್ತೆ ರಜ್ಜುವಿಗಿಂತ ಹೃದಯಕ್ಕೆ ಹೆಚ್ಚು ಮುಖ್ಯ. ದೇಹದ ತೂಕ ಹೆಚ್ಚಿದ್ದರೆ ಹೆಜ್ಜೆಹೆಜ್ಜೆಗೂ ಎಳೆತ ಹೆಚ್ಚು. ಒ ರಕ್ತಗುಂಪಿನವರಿಗೆ ಅಪಾಯ ಜಾಸ್ತಿ ಎಂಬ ಮಾತು ಹಂಗೇರಿಯ ಅಧ್ಯಯನವೊಂದರಿಂದ ಹುಟ್ಟಿದ್ದು. ಸ್ಕಾಟ್ಲೆಂಡ್‌ನಲ್ಲಿ ಹುಡುಕಿದಾಗ ಅಂಥ ನಂಟು ಸಿಗಲಿಲ್ಲ, ಹಾಗಾಗಿ ರಕ್ತಗುಂಪು ನೋಡಿ ಚಿಂತಿಸಬೇಕಿಲ್ಲ. ಪಾದರಕ್ಷೆಯ ವಿಷಯದಲ್ಲಿ ಒಂದೇ ಮಾತು: ಹಿಮ್ಮಡಿ 10–12 ಮಿ.ಮೀ. ಎತ್ತರವಿರುವ ಶೂನಿಂದ ಪೂರ್ತಿ ಚಪ್ಪಟೆ ಶೂಗೆ ಒಂದೇ ದಿನದಲ್ಲಿ ಬದಲಾಯಿಸಿ ಅದೇ ದೂರ ಓಡಬೇಡಿ. ಏರುದಾರಿಯ ಓಟವನ್ನು ಅದೇ ವಾರ ಸೇರಿಸುವುದಂತೂ ಬೇಡ.

ಕಾರಣಗಳಷ್ಟೇ ನಮ್ಮನ್ನು ಕಾಡುವ ಇನ್ನೊಂದು ಸಂಗತಿ, ಹರಿದ ರಜ್ಜು ಪತ್ತೆಯಾಗದೆ ಉಳಿಯುವುದು. ಐದರಲ್ಲಿ ಒಬ್ಬರಷ್ಟು ರೋಗಿಗಳಲ್ಲಿ ಮೊದಲ ಭೇಟಿಯಲ್ಲಿ ಇದು ತಪ್ಪಿಹೋಗುತ್ತದೆ. ಎಕ್ಸ್‌ರೇಯಲ್ಲಿ ಮೂಳೆ ನೆಟ್ಟಗಿರುತ್ತದೆ, ‘ಉಳುಕು’ ಎಂದು ಬ್ಯಾಂಡೇಜ್ ಸುತ್ತಿ ಕಳಿಸುತ್ತಾರೆ. ರೋಗಿ ಕುಂಟುತ್ತಾ ನಡೆಯಬಲ್ಲ, ನೋವೂ ಕೆಲವು ಗಂಟೆಗಳಲ್ಲಿ ಇಳಿಯಬಹುದು. ಪಾದವನ್ನು ಕೆಳಕ್ಕೆ ಒತ್ತಿ ಎಂದರೆ ಸ್ವಲ್ಪ ಒತ್ತುತ್ತಾನೆ ಕೂಡ, ಏಕೆಂದರೆ ಬೆರಳು ಮಡಚುವ ಸ್ನಾಯುಗಳು ಮತ್ತು ಕಾಲಿನ ಒಳಬದಿ, ಹೊರಬದಿಯ ಸ್ನಾಯುಗಳು ಆ ಕೆಲಸವನ್ನು ಅರೆಬರೆ ಮಾಡುತ್ತವೆ. ‘ಪಾದ ಅಲುಗುತ್ತಿದೆ, ಆದ್ದರಿಂದ ರಜ್ಜು ಸರಿಯಿದೆ’ ಎಂಬ ತೀರ್ಮಾನವೇ ತಪ್ಪಿನ ಮೂಲ.

ಪರೀಕ್ಷೆಗೆ ಯಂತ್ರ ಬೇಕಿಲ್ಲ. ರೋಗಿಯನ್ನು ಹೊಟ್ಟೆ ಕೆಳಗಾಗಿ ಮಲಗಿಸಿ, ಪಾದಗಳು ಮಂಚದ ಅಂಚಿನಿಂದ ಆಚೆ ಇಳಿದಿರಲಿ. ಮೀನಖಂಡ ಅತಿ ದಪ್ಪವಿರುವ ಜಾಗದಿಂದ ತುಸು ಕೆಳಗೆ ಅಂಗೈಯಿಂದ ಹಿಡಿದು ಹಿಸುಕಿ. ರಜ್ಜು ಗಟ್ಟಿಯಿದ್ದರೆ ಪಾದ ತಾನಾಗಿ ಕೆಳಮುಖವಾಗಿ ಚಲಿಸುತ್ತದೆ, ಹರಿದಿದ್ದರೆ ಅಲುಗುವುದಿಲ್ಲ. ಮೊದಲು ಒಳ್ಳೆಯ ಕಾಲಿಗೆ ಮಾಡಿ, ಆಮೇಲೆ ಗಾಯದ ಕಾಲಿಗೆ ಮಾಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ವೈದ್ಯರು ಇದನ್ನು ಥಾಮ್ಸನ್ ಪರೀಕ್ಷೆ ಎನ್ನುತ್ತಾರೆ. ನಂತರ ಎರಡೂ ಮೊಣಕಾಲುಗಳನ್ನು 90 ಡಿಗ್ರಿ ಮಡಚಿಸಿ ಮೇಲಿನಿಂದ ನೋಡಿ. ಒಳ್ಳೆಯ ಪಾದದ ಬೆರಳುಗಳು ತುಸು ಮೇಲಕ್ಕೆ ಚಾಚಿಕೊಂಡಿರುತ್ತವೆ, ರಜ್ಜು ಹರಿದ ಪಾದ ಸಡಿಲಾಗಿ ಮುಂದಕ್ಕೆ ಬಾಗಿರುತ್ತದೆ. ಊತ ಏರುವ ಮೊದಲಾದರೆ ಹಿಮ್ಮಡಿಯಿಂದ ಮೂರು ನಾಲ್ಕು ಬೆರಳು ಮೇಲೆ ತಗ್ಗು ಕೈಗೆ ಸಿಗುತ್ತದೆ. ಒಂಟಿ ಕಾಲಿನಲ್ಲಿ ತುದಿಗಾಲಿಗೇಳಿಸುವ ಪರೀಕ್ಷೆಯನ್ನು ಹೊಸ ಗಾಯದಲ್ಲಿ ಮಾಡಿಸಬೇಡಿ, ಅರ್ಧ ಹರಿದದ್ದು ಪೂರ್ತಿ ಹರಿದೀತು. ಅನುಮಾನ ಉಳಿದರೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ.

ಗಾಯವಾದ ಕೂಡಲೇ ನಡೆಯಬೇಡಿ. ಬೆರಳುಗಳು ಕೆಳಮುಖವಾಗಿರುವಂತೆ ಪಾದವನ್ನು ಇಟ್ಟು ಹಲಗೆ ಪಟ್ಟಿ ಕಟ್ಟಿ. ಹೀಗೆ ಇಟ್ಟರೆ ಹರಿದ ತುದಿಗಳು ಹತ್ತಿರ ಬರುತ್ತವೆ. ತಿಕ್ಕುವುದು, ಎಳೆಯುವುದು, ಪಾದವನ್ನು ಮೇಲಕ್ಕೆ ಮಡಚಿ ನೋಡುವುದು ಬೇಡ. ಮೊದಲ ದಿನಗಳಲ್ಲೇ ಈ ಭಂಗಿಯಲ್ಲಿ ಕಟ್ಟಿದವರಿಗೆ ಶಸ್ತ್ರಚಿಕಿತ್ಸೆ ಇಲ್ಲದೆಯೂ ಒಳ್ಳೆಯ ಫಲ ಸಿಗುತ್ತದೆ. ನಾರ್ವೆಯಲ್ಲಿ 526 ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವರ್ಷದ ಕೊನೆಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಮತ್ತು ಮಾಡಿಸದವರ ಕಾಲಿನ ಸಾಮರ್ಥ್ಯದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಮತ್ತೆ ಹರಿದ ಪ್ರಮಾಣ ಶಸ್ತ್ರಚಿಕಿತ್ಸೆಯವರಲ್ಲಿ ಶೇ 0.6, ಉಳಿದವರಲ್ಲಿ ಶೇ 6.2. ನರಕ್ಕೆ ಪೆಟ್ಟು ಶಸ್ತ್ರಚಿಕಿತ್ಸೆಯವರಲ್ಲೇ ಹೆಚ್ಚು. ಯಾವುದನ್ನು ಆರಿಸಬೇಕೆಂಬುದು ವಯಸ್ಸು, ಆಟದ ಮಟ್ಟ, ಮಧುಮೇಹ, ಚರ್ಮದ ಸ್ಥಿತಿ ನೋಡಿ ವೈದ್ಯರೊಡನೆ ಕೂತು ತೀರ್ಮಾನಿಸಬೇಕಾದ ಮಾತು. ಆದರೆ ನಾಲ್ಕು ವಾರ ಕಳೆದು ಬಂದವರಿಗೆ ಈ ಆಯ್ಕೆ ಬಹುತೇಕ ಉಳಿಯುವುದಿಲ್ಲ. ಸ್ನಾಯು ಮೇಲಕ್ಕೆ ಸರಿದು, ನಡುವೆ ದುರ್ಬಲ ಕಲೆ ಅಂಗಾಂಶ ತುಂಬಿರುತ್ತದೆ. ಎಷ್ಟೋ ಸಲ ಕಾಲಿನ ಹೆಬ್ಬೆರಳಿನ ರಜ್ಜುವನ್ನು ಕಡಿದು ಇಲ್ಲಿಗೆ ಜೋಡಿಸಬೇಕಾಗುತ್ತದೆ. ಯಾವ ಚಿಕಿತ್ಸೆಯಾದರೂ ಕಾಲು ಅಲುಗದೆ ಇರುವ ವಾರಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಮೀನಖಂಡ ಊದಿ ಬಿಗಿಯಾದರೆ, ಏಕಾಏಕಿ ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ತಡೆಗಟ್ಟುವ ದಾರಿ ರಜ್ಜುವಿಗೆ ಕೆಲಸ ಕೊಡುವುದೇ, ಆದರೆ ಅದರ ವೇಗಕ್ಕೆ. ಗಟ್ಟಿ ವ್ಯಾಯಾಮದ ನಂತರದ ಮೊದಲ ಒಂದೂವರೆ ದಿನ ರಜ್ಜುವಿನಲ್ಲಿ ಕೊಲಾಜೆನ್ ಒಡೆಯುವುದೇ ಹೆಚ್ಚು, ಕಟ್ಟುವ ಕೆಲಸ ಆಮೇಲೆ ಮೇಲುಗೈ ಪಡೆಯುತ್ತದೆ. ಆದ್ದರಿಂದ ಜಿಗಿತ, ವೇಗದ ಓಟ, ಭಾರದ ವ್ಯಾಯಾಮ ದಿನ ಬಿಟ್ಟು ದಿನ ಇರಲಿ. ಬಿಡುವಿನ ನಂತರ ಆಟಕ್ಕೆ ಮರಳುವವರು ಮೊದಲು ತುದಿಗಾಲಿಗೇಳುವ ವ್ಯಾಯಾಮದಿಂದ ಶುರು ಮಾಡಲಿ: ಎರಡೂ ಕಾಲಿನಲ್ಲಿ, ಮೂರು ಸೆಕೆಂಡ್ ಏರಿ ಮೂರು ಸೆಕೆಂಡ್ ಇಳಿಯುತ್ತಾ, 15ರಂತೆ ಮೂರು ಸುತ್ತು, ವಾರಕ್ಕೆ ಮೂರು ದಿನ. ಮೊಣಕಾಲು ನೆಟ್ಟಗಿಟ್ಟು ಒಮ್ಮೆ, ತುಸು ಮಡಚಿ ಇನ್ನೊಮ್ಮೆ ಮಾಡಬೇಕು. ಮಡಚಿ ಮಾಡಿದಾಗ ಸೋಲಿಯಸ್‌ಗೆ ಕೆಲಸ ಹೆಚ್ಚು ಬೀಳುತ್ತದೆ. ನಂತರ ಒಂಟಿ ಕಾಲಿಗೆ, ಆಮೇಲೆ ಬೆನ್ನಿಗೆ ಭಾರ. ಒಂಟಿ ಕಾಲಿನಲ್ಲಿ ಪೂರ್ತಿ ಎತ್ತರಕ್ಕೆ 20–25 ಸಲ ಏಳಲು ಆಗುವವರೆಗೆ ಪಂದ್ಯ, ಜಿಗಿತ, ಏರುದಾರಿಯ ಓಟ ಬೇಡ. ರಜ್ಜು ಗಟ್ಟಿಯಾಗಲು ಕೆಲವು ದಿನ ಸಾಲದು, ಸುಮಾರು 12 ವಾರ ಹಿಡಿಯುತ್ತದೆ.

ಈಗಾಗಲೇ ನೋವಿರುವವರಿಗೆ ಸ್ವೀಡನ್ನಿನ ಹೋಕನ್ ಆಲ್ಫ್ರೆಡ್ಸನ್ 1998ರಲ್ಲಿ ವಿವರಿಸಿದ ಕ್ರಮ ಇಂದಿಗೂ ಬಳಕೆಯಲ್ಲಿದೆ. ಮೆಟ್ಟಿಲ ಅಂಚಿನಲ್ಲಿ ಮುಂಗಾಲು ಊರಿ, ಒಳ್ಳೆಯ ಕಾಲಿನಿಂದ ಮೇಲೆದ್ದು, ನೋವಿರುವ ಕಾಲಿನ ಮೇಲೆ ಭಾರ ಹಾಕಿ ಹಿಮ್ಮಡಿಯನ್ನು ನಿಧಾನವಾಗಿ ಅಂಚಿಗಿಂತ ಕೆಳಕ್ಕೆ ಇಳಿಸುವುದು. 15ರಂತೆ ಮೂರು ಸುತ್ತು, ಮೊಣಕಾಲು ನೆಟ್ಟಗೆ ಮತ್ತು ಮಡಚಿ, ದಿನಕ್ಕೆರಡು ಸಲ, 12 ವಾರ. ಇದು ರಜ್ಜುವಿನ ನಡುಭಾಗದ ನೋವಿಗೆ. ನೋವು ಹಿಮ್ಮಡಿಯ ಮೂಳೆಗೆ ಅಂಟಿದ ಜಾಗದಲ್ಲಿದ್ದರೆ ಅಂಚಿಗಿಂತ ಕೆಳಕ್ಕೆ ಇಳಿಸದೆ ಸಮನೆಲದಲ್ಲಿ ಮಾಡಬೇಕು. ಹೊಸದಾಗಿ ಹರಿದವರು, ಫ್ಲಾಕ್ಸಾಸಿನ್ ಮಾತ್ರೆಯ ನಂತರ ನೋವು ಶುರುವಾದವರು ಇದನ್ನು ಮಾಡಲೇಬಾರದು. ವ್ಯಾಯಾಮ ಹೆಚ್ಚಾಯಿತೇ ಎಂದು ತಿಳಿಯಲು ಮರುದಿನ ಬೆಳಿಗ್ಗೆ ಹಾಸಿಗೆಯಿಂದಿಳಿದ ಮೊದಲ ಹೆಜ್ಜೆಗಳನ್ನು ಗಮನಿಸಿ. ಬಿಗಿತ, ನೋವು ಹಿಂದಿನ ಬೆಳಿಗ್ಗೆಗಿಂತ ಹೆಚ್ಚಿದ್ದರೆ ಭಾರ ಇಳಿಸಬೇಕು.

ತಮ್ಮ ಪತ್ರಿಕೆಯಲ್ಲಿ ನಮ್ಮದೊಂದು ಕೋರಿಕೆ. ಮುಂದೆ ಯಾವ ಆಟಗಾರನ ಅಕಿಲಿಸ್ ರಜ್ಜು ಹರಿದ ಸುದ್ದಿ ಬಂದರೂ, ಅವನು ಎಷ್ಟು ಪಂದ್ಯ ಕಳೆದುಕೊಂಡ ಎಂಬುದರ ಪಕ್ಕದಲ್ಲಿ ನಾಲ್ಕು ಸಾಲು ಜಾಗ ಮಾಡಿಕೊಡಿ: ಮೀನಖಂಡ ಹಿಸುಕುವ ಪರೀಕ್ಷೆ, ಪಾದ ಕೆಳಮುಖವಾಗಿ ಕಟ್ಟುವ ರೀತಿ, ಫ್ಲಾಕ್ಸಾಸಿನ್ ಮತ್ತು ಸ್ಟೀರಾಯ್ಡ್ ಜೋಡಿಯ ಎಚ್ಚರಿಕೆ. ಜೊತೆಗೆ, ಒಂದು ಕಾಲಿನ ರಜ್ಜು ಹರಿದವರಿಗೆ ಇನ್ನೊಂದು ಕಾಲಿನದೂ ಹರಿಯುವ ಸಾಧ್ಯತೆ ಉಳಿದವರಿಗಿಂತ ಬಹಳ ಹೆಚ್ಚು ಎಂಬುದನ್ನೂ ಬರೆಯಿರಿ. ಪುನಶ್ಚೇತನದ ವ್ಯಾಯಾಮ ಎರಡೂ ಕಾಲಿಗೆ ನಡೆಯಬೇಕಾದದ್ದು ಆ ಕಾರಣಕ್ಕೆ.

ಇಂತಿ,
ಮೂಳೆ, ಕೀಲು ಚಿಕಿತ್ಸೆ ಹಾಗೂ ಫಿಸಿಯೋಥೆರಪಿ ವೃತ್ತಿಯಲ್ಲಿರುವ ಓದುಗರು